ದಾವಣಗೆರೆಯಿಂದ ಹಡಗಿನವರೆಗೆ: ಮೊದಲ ಸಲ ಮಾಲು ಹೊರದೇಶಕ್ಕೆ ಕಳಿಸುವವರಿಗೆ

ದೇಶ ಪೈಪೋಟಿಗೆ ನಿಲ್ಲಬೇಕು, ರಫ್ತು ಹೆಚ್ಚಬೇಕು, ರಸ್ತೆ ರೈಲು ಬಂದರು ಎಲ್ಲ ಸುಧಾರಿಸಬೇಕು. ಬಜೆಟ್ ದಿನ ಟಿವಿ ಹಾಕಿದರೆ ಇದೇ ಮಾತು. ಸರಿ, ಒಪ್ಪೋಣ. ಆದರೆ ದಾವಣಗೆರೆಯ ಮಂಡಕ್ಕಿ ಭಟ್ಟಿಯವರು, ಚಳ್ಳಕೆರೆಯ ಶೇಂಗಾ ವ್ಯಾಪಾರದವರು, ಭದ್ರಾ ನೀರಿನ ಭತ್ತ ನಂಬಿಕೊಂಡ ಅಕ್ಕಿ ಗಿರಣಿಯವರು ಈ ಮಾತಿನಲ್ಲಿ ಎಲ್ಲಿ ಬರುತ್ತಾರೆ ಅಂತ ಹೇಳುವವರು ಕಮ್ಮಿ. ನಮ್ಮ ಮಾಲು ಗೇಟಿನಲ್ಲಿ ಅಗ್ಗವಾಗಿಯೇ ಇರುತ್ತದೆ. ತುಟ್ಟಿಯಾಗುವುದು ಗೇಟಿನಿಂದ ಹಡಗಿನವರೆಗಿನ ದಾರಿಯಲ್ಲಿ. ದೆಹಲಿಯಲ್ಲಿ ಆದ ಸುಧಾರಣೆ ನಿಮ್ಮ ಜೇಬಿಗೆ ಬರಬೇಕಾದರೆ ಆ ದಾರಿಯ ಲೆಕ್ಕ ನಿಮಗೆ ಬಾಯಿಪಾಠ ಆಗಿರಬೇಕು. ಈ ಬರಹ ಅದರ ಬಗ್ಗೆ.

ಮೊದಲು ಒಂದು ಅಂಕಿ ತಲೆಯಿಂದ ತೆಗೆದುಹಾಕಿ. ಭಾರತದಲ್ಲಿ ಸಾಗಣೆ ವೆಚ್ಚ ಜಿಡಿಪಿಯ 13-14% ಅಂತ ವರ್ಷಗಟ್ಟಲೆ ಭಾಷಣಗಳಲ್ಲಿ ಹೇಳಿಕೊಂಡು ಬಂದರು. 2025ರಲ್ಲಿ ಕೇಂದ್ರ ಸರ್ಕಾರವೇ ಸರಿಯಾಗಿ ಲೆಕ್ಕ ಹಾಕಿಸಿದಾಗ 2023-24ಕ್ಕೆ ಅದು 8%ರ ಹತ್ತಿರ ಅಂತ ಬಂತು. ವಿಶ್ವ ಬ್ಯಾಂಕಿನ ಸಾಗಣೆ ಪಟ್ಟಿಯಲ್ಲೂ ನಾವು 2014ರಲ್ಲಿ 54ನೇ ಸ್ಥಾನದಲ್ಲಿದ್ದವರು 2023ಕ್ಕೆ 38ಕ್ಕೆ ಬಂದಿದ್ದೇವೆ. ಒಳ್ಳೆಯದೇ. ಆದರೆ ಇದೆಲ್ಲ ದೇಶದ ಸರಾಸರಿ. ಬಂದರಿನ ಪಕ್ಕ ಕಾರ್ಖಾನೆ ಇಟ್ಟುಕೊಂಡವರನ್ನೂ ಘಟ್ಟದ ಮೇಲಿನ ನಮ್ಮನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದ ಲೆಕ್ಕ. ನಿಮ್ಮ ಲೆಕ್ಕ ನೀವೇ ಹಾಕಬೇಕು.

ಲೆಕ್ಕ ಹಿಂದಿನಿಂದ ಹಾಕಿ

ನಮ್ಮಲ್ಲಿ ಬಹಳ ಜನ ಕೊಂಡ ರೇಟಿಗೆ ಖರ್ಚು ಸೇರಿಸಿ, ಲಾಭ ಸೇರಿಸಿ, ಬಂದ ರೇಟನ್ನು ಹೊರದೇಶದವನಿಗೆ ಹೇಳುತ್ತಾರೆ. ಅವನು ವಿಯೆಟ್ನಾಂ ರೇಟು, ಪಾಕಿಸ್ತಾನದ ರೇಟು ಕೈಯಲ್ಲಿ ಹಿಡಿದೇ ಕೂತಿರುತ್ತಾನೆ. ಹಾಗಾಗಿ ಉಲ್ಟಾ ಹೋಗಿ. ದುಬೈ ಅಂಗಡಿಯಲ್ಲೋ ಕೊಲಂಬೊ ಸಗಟು ಮಾರುಕಟ್ಟೆಯಲ್ಲೋ ಆ ಮಾಲು ಇವತ್ತು ಎಷ್ಟಕ್ಕೆ ಹೋಗುತ್ತಿದೆ ಅಂತ ತಿಳಿದುಕೊಳ್ಳಿ. ಅದರಿಂದ ಅಲ್ಲಿನವನ ಲಾಭ, ಅಲ್ಲಿನ ಸುಂಕ, ಹಡಗಿನ ಬಾಡಿಗೆ, ವಿಮೆ, ಬಂದರಿನ ಟರ್ಮಿನಲ್ ಚಾರ್ಜು, ಸಿಎಚ್‌ಎ (ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಏಜೆಂಟ್) ಚಾರ್ಜು, ಲಾರಿ ಬಾಡಿಗೆ, ಟೋಲು, ಹಮಾಲಿ, ಚೀಲ, ಬ್ಯಾಂಕ್ ಕಮಿಷನ್, ದುಡ್ಡು ಬರುವವರೆಗಿನ ಬಡ್ಡಿ ಒಂದೊಂದಾಗಿ ಕಳೆಯುತ್ತಾ ಬನ್ನಿ. ಕೊನೆಗೆ ಉಳಿದದ್ದು ನಿಮ್ಮ ಗೇಟಿನ ರೇಟು. ಅದು ಇವತ್ತಿನ ಎಪಿಎಂಸಿ ರೇಟಿಗಿಂತ ಕಮ್ಮಿ ಇದ್ದರೆ ಸುಮ್ನೆ ಇಲ್ಲೇ ಮಾರಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮೆಕ್ಕೆಜೋಳದ್ದು 2024ರ ಹೊತ್ತಿಗೆ ಹೆಚ್ಚುಕಮ್ಮಿ ಇದೇ ಕಥೆ ಆಗಿತ್ತು. ಒಂದು ಕಾಲಕ್ಕೆ ನಮ್ಮ ಜೋಳ ಹೊರಗೆ ಹೋಗುತ್ತಿತ್ತು, ಆಮೇಲೆ ಕೋಳಿ ಆಹಾರದ ಜೊತೆಗೆ ಎಥನಾಲ್ ಕಾರ್ಖಾನೆಗಳೂ ಕೊಳ್ಳಲು ಶುರು ಮಾಡಿದವು. 2024ರಲ್ಲಂತೂ ಸರ್ಕಾರವೇ ಸುಮಾರು 5 ಲಕ್ಷ ಟನ್ ಜೋಳವನ್ನು ಕಡಿಮೆ ಸುಂಕದಲ್ಲಿ ಹೊರಗಿನಿಂದ ತರಿಸಲು ಅನುಮತಿ ಕೊಟ್ಟಿತು.

ಈ ಲೆಕ್ಕದಲ್ಲಿ ಹೊಸಬರು ಎಡವುವುದು ಕಂಟೇನರ್ ಅಳತೆಯಲ್ಲಿ. 20 ಅಡಿ ಕಂಟೇನರ್ ಒಳಗೆ ಸುಮಾರು 33 ಘನ ಮೀಟರ್ ಜಾಗ ಇರುತ್ತದೆ. 40 ಅಡಿಯ ಎತ್ತರದ ಕಂಟೇನರ್‌ನಲ್ಲಿ 76. ಮೆಕ್ಕೆಜೋಳ ತುಂಬಿದರೆ 20 ಅಡಿಯದರಲ್ಲೇ 24 ಟನ್ ಆಸುಪಾಸು ಹಿಡಿಯುತ್ತದೆ. ಮಂಡಕ್ಕಿ ತುಂಬಿ ನೋಡಿ, ಚಾವಣಿ ಮುಟ್ಟಿದರೂ ತೂಕ ಅದರ ಹತ್ತಿರಕ್ಕೂ ಬರುವುದಿಲ್ಲ. ಹಡಗಿನವರು ಬಾಡಿಗೆ ಹಾಕುವುದು ಡಬ್ಬಕ್ಕೆ, ಒಳಗೆ ಏನಿದೆ ಎಷ್ಟಿದೆ ಅಂತ ನೋಡಿ ಅಲ್ಲ. ಅಂದರೆ ನೀವು ದುಡ್ಡು ಕೊಟ್ಟು ಗಾಳಿ ಸಾಗಿಸುತ್ತಿದ್ದೀರಿ. ಹಾಗಂತ ಮಂಡಕ್ಕಿ ಎಕ್ಸ್‌ಪೋರ್ಟ್ ಆಗುವುದೇ ಇಲ್ಲ ಅಂತಲ್ಲ. ಬಿಡಿ ಚೀಲದ ಬದಲು ಖಾರ, ಎಣ್ಣೆ, ಪುಟಾಣಿ ಬಿದ್ದ ನರ್ಗೀಸ್ ಮಾಡಿ, ಒಳ್ಳೆಯ ಪ್ಯಾಕೆಟ್ಟಿಗೆ ನೈಟ್ರೋಜನ್ ಹಾಕಿಸಿ, ಹೆಸರು ದಿನಾಂಕ ಎಲ್ಲ ಅಲ್ಲಿನ ಕಾನೂನಿನ ಪ್ರಕಾರ ಅಚ್ಚು ಹಾಕಿಸಿ ಕಳಿಸಿದರೆ ಅದೇ ಒಂದು ಘನ ಮೀಟರ್ ಜಾಗಕ್ಕೆ ಎಷ್ಟೋ ಪಟ್ಟು ಬೆಲೆ ಬರುತ್ತದೆ. ಕೆಜಿಗೆ ಎಷ್ಟು ಅನ್ನುವುದು ಇಲ್ಲಿ ಮುಖ್ಯವಲ್ಲ, ಘನ ಮೀಟರಿಗೆ ಎಷ್ಟು ಅಂತ ಕೇಳಿಕೊಳ್ಳಿ.

ರೇಟು ಹೇಳುವಾಗ ಎಫ್‌ಒಬಿ ಅಂತ ಹೇಳಿ. ಮಾಲು ಹಡಗು ಹತ್ತುವವರೆಗಿನ ಖರ್ಚು ನಿಮ್ಮದು, ಮುಂದಿನದು ಅವನದು. ಸಿಐಎಫ್ ಅಂದರೆ ಹಡಗಿನ ಬಾಡಿಗೆ, ವಿಮೆ ಕೂಡ ನಿಮ್ಮ ತಲೆಗೇ ಬರುತ್ತದೆ. ಹಡಗಿನ ಬಾಡಿಗೆ ಯಾವ ತಿಂಗಳು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗುವುದಿಲ್ಲ. ಕೆಂಪು ಸಮುದ್ರದಲ್ಲಿ ಗಲಾಟೆ ಶುರುವಾದಾಗ ಯುರೋಪಿನ ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಗಿ ಬಂತಲ್ಲ, ಆಗ ಸಿಐಎಫ್ ಒಪ್ಪಿಕೊಂಡವರು ಕೈ ಸುಟ್ಟುಕೊಂಡರು.

ಕಾಗದ ಪತ್ರ

ಇದು ಜನ ಹೆದರುವಷ್ಟು ಕಷ್ಟ ಅಲ್ಲ. ಸುಧಾರಣೆ ನಿಜವಾಗಿ ಆಗಿರುವುದು ಇಲ್ಲೇ. 1991ಕ್ಕೆ ಮುಂಚೆ ಎಷ್ಟೋ ಮಾಲಿಗೆ ಲೈಸೆನ್ಸ್ ಲೈಸೆನ್ಸ್ ಅಂತ ದೆಹಲಿ ಸುತ್ತಬೇಕಿತ್ತು. ಈಗ ವಿದೇಶ ವ್ಯಾಪಾರ ನೋಡಿಕೊಳ್ಳುವ ಕೇಂದ್ರದ ಡಿಜಿಎಫ್‌ಟಿ ವೆಬ್‌ಸೈಟಿನಲ್ಲಿ 500 ರೂಪಾಯಿ ಕಟ್ಟಿದರೆ ಐಇಸಿ, ಅಂದರೆ ರಫ್ತು ಆಮದು ಮಾಡುವವರ ನಂಬರು, ಸಿಗುತ್ತದೆ. ಜಿಎಸ್‌ಟಿ ಬಂದ ಮೇಲೆ ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರು. ಆಮೇಲೆ ಬ್ಯಾಂಕಿನಿಂದ ಎಡಿ ಕೋಡ್ ಪತ್ರ (ಹೊರದೇಶದ ದುಡ್ಡು ಯಾವ ಶಾಖೆಗೆ ಬರುತ್ತದೆ ಅಂತ ತೋರಿಸುವುದು) ತೆಗೆದುಕೊಂಡು ಕಸ್ಟಮ್ಸ್‌ನ ವೆಬ್‌ಸೈಟು ಐಸ್‌ಗೇಟ್‌ನಲ್ಲಿ ನೋಂದಾಯಿಸಬೇಕು. ತಿನ್ನುವ ಪದಾರ್ಥ ಆದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸು, ಕೃಷಿ ರಫ್ತು ನೋಡುವ ಅಪೆಡಾದ ನೋಂದಣಿ. ಒಣಮೆಣಸಿನಕಾಯಿ ತರಹದ ಸಾಂಬಾರ ಪದಾರ್ಥಕ್ಕೆ ಅಪೆಡಾ ಅಲ್ಲ, ಸ್ಪೈಸಸ್ ಬೋರ್ಡ್. ಕಾಳುಕಡಿ, ಈರುಳ್ಳಿ ತರಹದ್ದಕ್ಕೆ ಕೀಟ ಇಲ್ಲ ಅಂತ ಫೈಟೊಸ್ಯಾನಿಟರಿ ಸರ್ಟಿಫಿಕೇಟು ಕೂಡ ಬೇಕಾಗುತ್ತದೆ.

ಮೂರು ಕಡೆ ಮಾತ್ರ ಹುಷಾರಾಗಿರಿ.

ಒಂದು, ಎಲ್‌ಯುಟಿ, ಅಂದರೆ ಮಾಲು ಹೊರದೇಶಕ್ಕೇ ಕಳಿಸುತ್ತೇನೆ ಅಂತ ಬರೆದುಕೊಡುವ ಮುಚ್ಚಳಿಕೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ-11 ಅಂತ ಫಾರ್ಮ್ ಇದೆ. ಅದನ್ನು ಮೊದಲೇ ಹಾಕಿದ್ದರೆ ತೆರಿಗೆ ಕಟ್ಟದೆ ಮಾಲು ಕಳಿಸಬಹುದು. ಹಾಕದಿದ್ದರೆ ಐಜಿಎಸ್‌ಟಿ ಕಟ್ಟಿ, ಆಮೇಲೆ ವಾಪಸ್ ಬರಲಿ ಅಂತ ಕಾಯಬೇಕು. ಸಣ್ಣ ವ್ಯಾಪಾರಿಗೆ ಆ ದುಡ್ಡು ಸಿಕ್ಕಿಹಾಕಿಕೊಂಡರೆ ಮುಂದಿನ ಮಾಲು ಕೊಳ್ಳಲು ಕೈಯಲ್ಲಿ ಕಾಸಿರುವುದಿಲ್ಲ.

ಎರಡು, ಇನ್‌ವಾಯ್ಸ್ ನಂಬರು. ಜಿಎಸ್‌ಟಿ ರಿಟರ್ನ್‌ನಲ್ಲಿ ಹಾಕಿದ ನಂಬರು, ದಿನಾಂಕ, ಮೊತ್ತ ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್‌ನಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಒಂದು ಕಡೆ ಸೊನ್ನೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಸಾಕು, ಕಂಪ್ಯೂಟರು ರೀಫಂಡನ್ನು ಅಲ್ಲೇ ನಿಲ್ಲಿಸುತ್ತದೆ. ನಿಮ್ಮ ಆಡಿಟರು ಮತ್ತು ಬೆಂಗಳೂರಿನ ಸಿಎಚ್‌ಎ ಇಬ್ಬರನ್ನೂ ಒಂದೇ ವಾಟ್ಸಾಪ್ ಗ್ರೂಪಿಗೆ ಹಾಕಿ, ಶಿಪ್ಪಿಂಗ್ ಬಿಲ್ ಕರಡು ಇಬ್ಬರೂ ನೋಡಿದ ಮೇಲೆ ಸಲ್ಲಿಸಿ.

ಮೂರು, ರೋಡ್‌ಟೆಪ್. ಡೀಸೆಲ್ ತೆರಿಗೆ, ಕರೆಂಟಿನ ಮೇಲಿನ ತೆರಿಗೆ ತರಹ ಜಿಎಸ್‌ಟಿಯಲ್ಲಿ ವಾಪಸ್ ಬರದೇ ಇರುವುದಕ್ಕೆ ಪರಿಹಾರವಾಗಿ 2021ರ ಜನವರಿಯಿಂದ ಇದು ಬಂದಿದೆ. ಸಿದ್ಧ ಉಡುಪು ತರಹದ್ದಕ್ಕೆ ಬೇರೆ ಸ್ಕೀಮ್ ಇದೆ, ಅದು ರೋಸ್‌ಸಿಟಿಎಲ್. ರೋಡ್‌ಟೆಪ್ ಬೇಕು ಅಂತ ಶಿಪ್ಪಿಂಗ್ ಬಿಲ್ ಹಾಕುವಾಗಲೇ ಹೇಳಬೇಕು. ದರ ಆಗಾಗ ಬದಲಾಗುತ್ತದೆ, ಎಲ್ಲ ಮಾಲಿಗೂ ಇಲ್ಲ, ಇದ್ದರೂ ಕಮ್ಮಿ. ಆದರೆ ಪೈಸೆ ಲೆಕ್ಕದಲ್ಲಿ ಆರ್ಡರು ಬೇರೆಯವರ ಪಾಲಾಗುವ ಧಂದೆಯಲ್ಲಿ ಅದನ್ನು ಬಿಟ್ಟುಬಿಡುವುದು ಯಾಕೆ?

ದೇಶ ದೇಶಗಳ ಒಪ್ಪಂದದ ಲಾಭವೂ ಕಾಗದದಲ್ಲೇ ಇದೆ. ಯುಎಇ ಜೊತೆಗಿನ ಒಪ್ಪಂದ 2022ರ ಮೇ 1ಕ್ಕೆ ಜಾರಿಗೆ ಬಂತು. ಅಲ್ಲಿ ಮಾಮೂಲಿ ಸುಂಕ 5%, ಒಪ್ಪಂದದ ಪಟ್ಟಿಯಲ್ಲಿ ನಿಮ್ಮ ಮಾಲು ಇದ್ದರೆ ಅದು ಇಳಿಯುತ್ತದೆ ಇಲ್ಲವೇ ಪೂರ್ತಿ ಹೋಗುತ್ತದೆ. ಆದರೆ ತಾನಾಗಿ ಅಲ್ಲ. ಈ ಮಾಲು ಭಾರತದಲ್ಲೇ ಆದದ್ದು ಅನ್ನುವ ಸರ್ಟಿಫಿಕೇಟ್ ಆಫ್ ಒರಿಜಿನ್ ಆ ಒಪ್ಪಂದದ ಹೆಸರಿನಲ್ಲೇ ತೆಗೆಸಿ ಕೊಳ್ಳುವವನಿಗೆ ಕಳಿಸಬೇಕು. ಎಷ್ಟೋ ಜನ ಸಾಮಾನ್ಯ ಸರ್ಟಿಫಿಕೇಟ್ ತೆಗೆಸಿ ಕೈತೊಳೆದುಕೊಳ್ಳುತ್ತಾರೆ. ಅಲ್ಲಿಗೆ ದೊಡ್ಡವರು ಸಹಿ ಹಾಕಿದ ಒಪ್ಪಂದ ನಿಮ್ಮ ಪಾಲಿಗೆ ಇದ್ದೂ ಇಲ್ಲ.

ಯಾವ ದಾರಿ, ಯಾವ ಬಂದರು

ನಕ್ಷೆ ನೋಡಿದವರೆಲ್ಲ ಮಂಗಳೂರು ಅನ್ನುತ್ತಾರೆ. ಹತ್ತಿರ ಇದೆ, ನಮ್ಮದೇ ರಾಜ್ಯದ ಬಂದರು, ಅಲ್ವಾ? ನಡುವೆ ಘಟ್ಟ ಇದೆ. ಆಗುಂಬೆಯಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ, ಚಾರ್ಮಾಡಿಯದ್ದೂ ಅದೇ. ಉಳಿದ ದಾರಿಗಳಲ್ಲಿ ಮುಖ್ಯವಾದದ್ದು ಹಾಸನ, ಸಕಲೇಶಪುರ ಸುತ್ತಿ ಶಿರಾಡಿ, ಇಲ್ಲವೇ ಹುಬ್ಬಳ್ಳಿ ಕಡೆಯಿಂದ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲಾ. ಶಿರಾಡಿ 2018ರ ಮಳೆಗಾಲದಲ್ಲಿ ಕುಸಿದು ತಿಂಗಳುಗಟ್ಟಲೆ ಬಂದ್ ಆಗಿತ್ತು, 2024ರಲ್ಲೂ ಗುಡ್ಡ ಕುಸಿಯಿತು. ಹಾಗಾಗಿ ನನ್ನ ಸಲಹೆ ಇಷ್ಟೇ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾಂಕ ಗಟ್ಟಿ ಇರುವ ಆರ್ಡರನ್ನು ಘಟ್ಟದ ಮೇಲೆ ಭಾರ ಹಾಕಿ ಒಪ್ಪಿಕೊಳ್ಳಬೇಡಿ. ಜೊತೆಗೆ ನಿಮ್ಮ ಮಾಲು ಮುಟ್ಟಬೇಕಾದ ಊರಿಗೆ ಹೋಗುವ ಹಡಗು ಮಂಗಳೂರಿನಿಂದ ಎಷ್ಟು ದಿನಕ್ಕೊಮ್ಮೆ ಹೊರಡುತ್ತದೆ ಅಂತಲೂ ಕೇಳಿ. ಬಂದರು ಹತ್ತಿರ ಇದ್ದು ಹಡಗು ಅಪರೂಪ ಆದರೆ ಉಳಿಸಿದ ಡೀಸೆಲ್ ದುಡ್ಡು ಕಾಯುವುದರಲ್ಲೇ ಹೋಗುತ್ತದೆ.

ನಮಗೆ ನಿಜವಾದ ವರ ಅಂದರೆ ಹಳೇ ಎನ್‌ಎಚ್-4, ಈಗಿನ ಎನ್‌ಎಚ್-48. ವಾಜಪೇಯಿ ಕಾಲದಲ್ಲಿ ನಾಲ್ಕು ಮಹಾನಗರ ಜೋಡಿಸಲು ಮಾಡಿದ ಸುವರ್ಣ ಚತುಷ್ಪಥದ (ಒಟ್ಟು 5,846 ಕಿ.ಮೀ.) ಭಾಗ ಇದು, ಚಿತ್ರದುರ್ಗ ಮತ್ತು ದಾವಣಗೆರೆ ಎರಡನ್ನೂ ಮುಟ್ಟಿಕೊಂಡೇ ಹೋಗುತ್ತದೆ. ಆ ಚತುಷ್ಪಥದಿಂದ 10 ಕಿ.ಮೀ. ಒಳಗಿದ್ದ ಜಿಲ್ಲೆಗಳಲ್ಲಿ ಕಾರ್ಖಾನೆಗಳ ಉತ್ಪಾದನೆ ದೂರದ ಜಿಲ್ಲೆಗಳಿಗಿಂತ ಚೆನ್ನಾಗಿ ಬೆಳೆಯಿತು ಅಂತ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಎನ್‌ಎಚ್-48ರ ಎರಡು ದಿಕ್ಕೂ ನಿಮಗೆ ಸಿಗುತ್ತದೆ. ಒಂದು ಕಡೆ ಬೆಂಗಳೂರು ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋ, ಅಲ್ಲಿಂದ ರೈಲಿನಲ್ಲಿ ಚೆನ್ನೈ. ಇನ್ನೊಂದು ಕಡೆ ಪುಣೆ ಮೇಲೆ ನವಿ ಮುಂಬೈಯ ಜೆಎನ್‌ಪಿಟಿ ಬಂದರು (ಈಗಿನ ಹೆಸರು ಜೆಎನ್‌ಪಿಎ), ಸುಮಾರು 700 ಕಿ.ಮೀ. ಸಿಂಗಾಪುರ, ಮಲೇಷ್ಯಾ, ಪೂರ್ವದ ಕಡೆಯ ಮಾಲಿಗೆ ಚೆನ್ನೈ. ಕೊಲ್ಲಿ, ಆಫ್ರಿಕಾ, ಯುರೋಪಿಗೆ ಜೆಎನ್‌ಪಿಟಿ ರೇಟನ್ನೂ ಕೇಳದೆ ಬಿಡಬೇಡಿ.

ವೈಟ್‌ಫೀಲ್ಡ್ ದಾರಿಯಲ್ಲಿ ಒಂದು ನಿರ್ಧಾರ ಮಾಡಬೇಕು. ಮಾಲನ್ನು ಲಾರಿಯಲ್ಲಿ ಕಳಿಸಿ ಅಲ್ಲಿ ಕಂಟೇನರ್‌ಗೆ ತುಂಬಿಸುವುದಾ, ಅಥವಾ ಖಾಲಿ ಕಂಟೇನರನ್ನು ದಾವಣಗೆರೆಗೆ ತರಿಸಿ ನಿಮ್ಮ ಗೋಡೌನ್ ಮುಂದೆಯೇ ತುಂಬುವುದಾ? ಎರಡನೆಯದಕ್ಕೆ ಹೋಗಿಬರುವ ಬಾಡಿಗೆ ಬೀಳುತ್ತದೆ, ಜಾಸ್ತಿ ಕಾಣುತ್ತದೆ. ಮೊದಲನೆಯದರಲ್ಲಿ ಹಮಾಲಿ ಎರಡು ಸಲ, ಚೀಲ ಎರಡು ಸಲ ಎಸೆದಾಟ, ಮಂಡಕ್ಕಿ ಆದರೆ ಅರ್ಧ ಪುಡಿ. ಜೋಳ, ಅಕ್ಕಿಗೆ ಲಾರಿ ಸಾಕು. ಒಡೆಯುವ ಮಾಲು, ಪ್ಯಾಕೆಟ್ ಮಾಲು, ಬಟ್ಟೆಗೆ ಮನೆಬಾಗಿಲಿಗೇ ಕಂಟೇನರ್ ತರಿಸಿ. ಮುಂಚೆ ಇದಕ್ಕೆ ಅಧಿಕಾರಿಯೇ ಬಂದು ಮುದ್ರೆ ಹಾಕಬೇಕಿತ್ತು. 2017ರಿಂದ ಕಸ್ಟಮ್ಸ್ ಅನುಮತಿ ತೆಗೆದುಕೊಂಡವರು ತಾವೇ ಎಲೆಕ್ಟ್ರಾನಿಕ್ ಸೀಲ್ ಹಾಕಬಹುದು. ಅದು ನಿಜವಾದ ಸುಧಾರಣೆ, ಒಂದು ದಿನ ಪೂರ್ತಿ ಉಳಿಯುತ್ತದೆ.

ಕಂಟೇನರ್ ಬಂದ ಕೂಡಲೇ ತುಂಬಲು ಬಿಡಬೇಡಿ. ನೀವೇ ಒಳಗೆ ಹೋಗಿ, ಹೊರಗಿನಿಂದ ಎರಡೂ ಬಾಗಿಲು ಹಾಕಿಸಿ. ಒಳಗೆ ಕಗ್ಗತ್ತಲೆ ಇರಬೇಕು. ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಅಲ್ಲಿಂದ ನೀರು ಬರುತ್ತದೆ ಅಂತಲೇ ಅರ್ಥ, ಆ ಕಂಟೇನರ್ ವಾಪಸ್. ಮೂಗಿಗೂ ಕೆಲಸ ಕೊಡಿ. ಹಿಂದಿನ ಸಲ ಚರ್ಮವೋ ರಾಸಾಯನಿಕವೋ ಹೋಗಿದ್ದರೆ ವಾಸನೆ ಹಲಗೆಯಲ್ಲಿ ಕೂತಿರುತ್ತದೆ, ನಿಮ್ಮ ಅಕ್ಕಿ ಅದನ್ನು ಹೀರಿಕೊಳ್ಳುತ್ತದೆ. ನೆಲದ ಹಲಗೆ ಕೈಯಿಂದ ಮುಟ್ಟಿ ನೋಡಿ, ಹಸಿ ಇರಬಾರದು. ಪಕ್ಕದ ಗೋಡೆಗೆ ಕಾಗದ ಹಚ್ಚಿ, ತೇವ ಹೀರುವ ಚೀಲಗಳನ್ನು ಮೇಲಿನ ಕೊಕ್ಕೆಗೆ ನೇತುಹಾಕಿ, ಯಾಕೆಂದರೆ ಹಡಗಿನಲ್ಲಿ ಹಗಲು ಕಾದು ರಾತ್ರಿ ತಣ್ಣಗಾದಾಗ ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಖಾಲಿ ಇದ್ದಾಗ, ಅರ್ಧ ತುಂಬಿದಾಗ, ಪೂರ್ತಿ ತುಂಬಿದಾಗ, ಸೀಲ್ ಹಾಕಿದ ಮೇಲೆ ಫೋಟೊ ತೆಗೆದಿಡಿ. ಆಮೇಲೆ ವೇಬ್ರಿಡ್ಜ್ ಚೀಟಿ. 2016ರ ಜುಲೈಯಿಂದ ತುಂಬಿದ ಕಂಟೇನರ್‌ನ ತೂಕ ಬರೆದುಕೊಡದೆ ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ.

ಲಾರಿ ಜೊತೆ ಇರಬೇಕಾದ ಜಿಎಸ್‌ಟಿಯ ಇ-ವೇ ಬಿಲ್ ಮಾಮೂಲಿ. ಅದರ ಅವಧಿ 200 ಕಿ.ಮೀ.ಗೆ ಒಂದು ದಿನ, ಅಂದರೆ ಜೆಎನ್‌ಪಿಟಿಗೆ 4 ದಿನ. ಲಾರಿ ಕೆಟ್ಟು ಬೇರೆ ಲಾರಿಗೆ ಹಾಕಿದರೆ ಹೊಸ ಗಾಡಿ ನಂಬರು ಕೂಡಲೇ ಹಾಕಿ. ಜಿಎಸ್‌ಟಿ ಬರುವ ಮುಂಚೆ ರಾಜ್ಯದ ಗಡಿ ಚೆಕ್‌ಪೋಸ್ಟಿನಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡಿದವರಿಗೆ ಈಗಿನದು ಸ್ವರ್ಗ.

ರಾತ್ರೋರಾತ್ರಿ ಬದಲಾಗುವ ಕಾನೂನು

ರಸ್ತೆ ಸರಿ ಇದ್ದು, ಕಾಗದ ಸರಿ ಇದ್ದು, ಕೊಳ್ಳುವವನೂ ಸರಿ ಇದ್ದು ಧಂದೆ ಕೆಡುವುದು ಇಲ್ಲಿ. ಚಿತ್ರದುರ್ಗದ ಈರುಳ್ಳಿ ಬೆಳೆಗಾರರನ್ನು ಕೇಳಿ. 2023ರ ಆಗಸ್ಟ್‌ನಲ್ಲಿ 40% ರಫ್ತು ಸುಂಕ, ಡಿಸೆಂಬರ್ 8ಕ್ಕೆ ಪೂರ್ತಿ ನಿಷೇಧ, 2024ರ ಮೇನಲ್ಲಿ ನಿಷೇಧ ತೆಗೆದರೂ ಟನ್ನಿಗೆ 550 ಡಾಲರ್ ಕನಿಷ್ಠ ಬೆಲೆ, ಜೊತೆಗೆ 40% ಸುಂಕ. ಸೆಪ್ಟೆಂಬರ್‌ನಲ್ಲಿ ಕನಿಷ್ಠ ಬೆಲೆ ಹೋಯಿತು, ಸುಂಕ 20%ಕ್ಕೆ ಇಳಿಯಿತು. ಅದೂ ಹೋಗಿದ್ದು 2025ರ ಏಪ್ರಿಲ್ 1ಕ್ಕೆ. ನಮ್ಮ ಮುಂಗಾರಿನ ಈರುಳ್ಳಿ ಕೂಡಿಟ್ಟರೆ ಕೊಳೆಯುತ್ತದೆ, ದೆಹಲಿ ಮನಸ್ಸು ಬದಲಾಯಿಸುವವರೆಗೆ ಕಾಯುವುದಿಲ್ಲ. ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯನ್ನೂ 2023ರ ಜುಲೈಯಿಂದ 2024ರ ಸೆಪ್ಟೆಂಬರ್‌ವರೆಗೆ ಹೀಗೇ ತಡೆದಿದ್ದರು. ಗಣಿಯದ್ದು ಇನ್ನೂ ಚಂದ. 2010ರಲ್ಲಿ ಕರ್ನಾಟಕ ಕಬ್ಬಿಣದ ಅದಿರು ರಫ್ತು ನಿಲ್ಲಿಸಿತು, 2022ರ ಮೇ 20ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಅದಿರಿಗೆ ದಾರಿ ಬಿಟ್ಟಿತು, ಎರಡೇ ದಿನಕ್ಕೆ ಕೇಂದ್ರ ಸರ್ಕಾರ ರಫ್ತು ಸುಂಕವನ್ನು 50%ಕ್ಕೆ ಏರಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಸುಂಕ ಇಳಿದದ್ದು ನವೆಂಬರ್‌ನಲ್ಲಿ.

ಊರಿನ ಜನಕ್ಕೆ ಈರುಳ್ಳಿ ಅಗ್ಗ ಇರಬೇಕು ಅನ್ನುವುದು ತಪ್ಪಲ್ಲ. ಆದರೆ ಹೀಗೆ ಹಾಕಿ ತೆಗೆದು ಮಾಡಿದರೆ ಹೊರಗಿನ ಗಿರಾಕಿ ಭಾರತದವರನ್ನು ನಂಬುವುದು ಬಿಡುತ್ತಾನೆ, ಒಮ್ಮೆ ಬೇರೆ ದೇಶಕ್ಕೆ ಹೋದವನು ಸುಲಭಕ್ಕೆ ತಿರುಗಿ ಬರುವುದಿಲ್ಲ. ಹೊಸ ಹೆದ್ದಾರಿ ಕೊಟ್ಟ ಲಾಭವನ್ನು ಒಂದು ಅಧಿಸೂಚನೆ ತಿಂದುಹಾಕುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ನೀವು ಮಾಡಬೇಕಾದದ್ದು: ಅಕ್ಕಿ, ಈರುಳ್ಳಿ, ಬೇಳೆ, ಸಕ್ಕರೆ ತರಹದ ಸೂಕ್ಷ್ಮ ಮಾಲಾದರೆ ಡಿಜಿಎಫ್‌ಟಿ ಅಧಿಸೂಚನೆ ದಿನಾ ನೋಡಿ. ಸರ್ಕಾರ ನಿಷೇಧ ಅಥವಾ ಸುಂಕ ಹಾಕಿದರೆ ಆರ್ಡರ್ ರದ್ದು, ಇಲ್ಲವೇ ಸುಂಕ ಕೊಳ್ಳುವವನದು ಅಂತ ಕರಾರಿನಲ್ಲಿ ಬರೆಸಿ. ಆರು ತಿಂಗಳ ರೇಟು ಒಮ್ಮೆಗೇ ಒಪ್ಪಿಕೊಳ್ಳಬೇಡಿ. ಈ ತಲೆನೋವು ಬೇಡ ಅನ್ನುವವರಿಗೆ ತಿಂಡಿ ಪ್ಯಾಕೆಟ್ಟು, ಮೊಳಕಾಲ್ಮೂರು ರೇಷ್ಮೆ ಸೀರೆ, ಚಳ್ಳಕೆರೆ ಕಂಬಳಿ ತರಹದ್ದೇ ವಾಸಿ. ಅವನ್ನು ಯಾರೂ ಬೆಲೆ ಏರಿತು ಅಂತ ನಿಷೇಧ ಮಾಡುವುದಿಲ್ಲ. ಸೀರೆ, ಕಂಬಳಿಗೆ ಕಂಟೇನರೂ ಬೇಡ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ ಮೂಲಕ ಒಂದೊಂದು ಪಾರ್ಸೆಲ್ಲನ್ನೂ ಸರಿಯಾದ ರಫ್ತು ಅಂತಲೇ ಕಳಿಸಬಹುದು.

ದುಡ್ಡಿನ ವಿಷಯ ಚಿಕ್ಕದಾಗಿ. ಮೊದಲ ಆರ್ಡರ್‌ಗೆ ಅರ್ಧ ಮುಂಗಡ, ಉಳಿದದ್ದಕ್ಕೆ ಎಲ್‌ಸಿ, ಅಂದರೆ ಕೊಳ್ಳುವವನ ಬ್ಯಾಂಕು ಕೊಡುವ ದುಡ್ಡಿನ ಖಾತ್ರಿ ಪತ್ರ. ಬರೀ ಮಾತಿನ ಮೇಲೆ ಸಾಲ ಕೊಡಬೇಡಿ, ಕೊಡಲೇಬೇಕು ಅಂದರೆ ಇಸಿಜಿಸಿ ವಿಮೆ ಮಾಡಿಸಿ. ಸರ್ಕಾರಿ ಸಂಸ್ಥೆ, 1957ರಿಂದ ಇದೆ, ಹೊರದೇಶದವನು ಕೈಕೊಟ್ಟರೆ ದೊಡ್ಡ ಪಾಲು ತುಂಬಿಕೊಡುತ್ತದೆ.

ಊರಿನವರೆಲ್ಲ ಸೇರಿ ಕೇಳಬೇಕಾದದ್ದು

ಒಬ್ಬೊಬ್ಬರೇ ಮಾಡಿ ಮುಗಿಸಲಾಗದ್ದು ರೈಲು. ಈಗ ದಾವಣಗೆರೆಯ ರೈಲು ಬೆಂಗಳೂರಿಗೆ ಬೀರೂರು, ಅರಸೀಕೆರೆ ಸುತ್ತಿಕೊಂಡು ಹೋಗುತ್ತದೆ. ತುಮಕೂರಿನಿಂದ ಚಿತ್ರದುರ್ಗ ಮೇಲೆ ದಾವಣಗೆರೆಗೆ ನೇರ ಮಾರ್ಗ 2011-12ರಲ್ಲೇ ಮಂಜೂರಾಗಿದೆ, ಸುಮಾರು 191 ಕಿ.ಮೀ. ಅದರ ಬಗ್ಗೆ ಮಾತಾಡುವಾಗ ನಮ್ಮವರು ಬೆಂಗಳೂರಿಗೆ ಎಷ್ಟು ಗಂಟೆ, ಯಾವ ಸ್ಟೇಷನ್ನಿನಲ್ಲಿ ಯಾವ ಗಾಡಿ ನಿಲ್ಲುತ್ತದೆ ಅಂತಲೇ ಕೇಳುತ್ತಾರೆ. ವ್ಯಾಪಾರಿಗಳು ಕೇಳಬೇಕಾದ ಪ್ರಶ್ನೆ ಬೇರೆ. ಕಂಟೇನರ್ ಇಳಿಸಿ ಹತ್ತಿಸುವ ಜಾಗ ಎಲ್ಲಿ? ಲಾರಿ ತಿರುಗಿಸಲು ಅಂಗಳ ಇದೆಯಾ? ಮಳೆಯಲ್ಲಿ ಚೀಲ ನೆನೆಯದಂತೆ ಚಾವಣಿ? ಕಸ್ಟಮ್ಸ್ ಕೆಲಸ ಇಲ್ಲೇ ಮುಗಿಯುವ ಡಿಪೋ ಬರುತ್ತದಾ? ಡಿಪೋ ಬೇಕು ಅಂತ ಬರೀ ಮನವಿ ಕೊಟ್ಟರೆ ಫೋಟೊ ಪೇಪರಿನಲ್ಲಿ ಬರುತ್ತದೆ, ಅಷ್ಟೇ. ದಾವಣಗೆರೆ, ಚಿತ್ರದುರ್ಗ, ಹಾವೇರಿ, ಶಿವಮೊಗ್ಗದ ವ್ಯಾಪಾರಿಗಳು ಸೇರಿ ತಿಂಗಳಿಗೆ ಎಷ್ಟು ಕಂಟೇನರ್ ಮಾಲು ಖಾತ್ರಿ ಕೊಡಬಲ್ಲೆವು, ಯಾವ ಮಾಲು, ಯಾವ ತಿಂಗಳು, ಯಾವ ಬಂದರು ಅಂತ ಪಟ್ಟಿ ಮಾಡಿ ಕೊಡಬೇಕು. ರೈಲು ನಡೆಸುವವರು ನೋಡುವುದು ಅದನ್ನೇ. ವಾಪಸ್ ಬರುವಾಗ ಖಾಲಿ ಬರದಂತೆ ಇಲ್ಲಿಗೆ ಏನು ಬರುತ್ತದೆ ಅನ್ನುವುದನ್ನೂ ಅದರಲ್ಲಿ ಬರೆಯಿರಿ.

ಇನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕಾದದ್ದು ಎರಡು. ಎಲ್‌ಯುಟಿ ಆಯಾ ಹಣಕಾಸು ವರ್ಷಕ್ಕೆ ಮಾತ್ರ, ಮಾರ್ಚ್ 31ಕ್ಕೆ ಮುಗಿಯುತ್ತದೆ, ಹೊಸದನ್ನು ಮೊದಲೇ ಹಾಕಿಡಿ. ಐಇಸಿಯನ್ನು ಏನೂ ಬದಲಾವಣೆ ಇಲ್ಲದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವೆಬ್‌ಸೈಟಿನಲ್ಲಿ ಖಚಿತಪಡಿಸಬೇಕು, ಮರೆತರೆ ಅದು ನಿಷ್ಕ್ರಿಯ ಆಗುತ್ತದೆ. ಮಾಲು ವೈಟ್‌ಫೀಲ್ಡ್ ತಲುಪಿದ ದಿನವೇ ಅದು ಗೊತ್ತಾದರೆ ಕಂಟೇನರ್ ನಿಂತ ದಿನಕ್ಕೆಲ್ಲ ಬಾಡಿಗೆ ನಿಮ್ಮದೇ.